ಲುವಾಂಗ್ ಪ್ರಬಾಂಗ್: ಮುಂಜಾವಿನ ಭಿಕ್ಷೆಯ ಊರು

ಉತ್ತರ ಲಾವೋಸ್‌ನಲ್ಲಿ ನಾಮ್ ಖಾನ್ ನದಿ ಮೆಕಾಂಗ್ ನದಿಯನ್ನು ಕೂಡಿಕೊಳ್ಳುವ ಕಡೆ, ಎರಡು ನೀರಿನ ನಡುವೆ ಚಾಚಿದ ನೆಲದ ಮೇಲೆ ಲುವಾಂಗ್ ಪ್ರಬಾಂಗ್ ಇದೆ. ಒಂದು ಕಾಲಕ್ಕೆ ಇದು ಲಾನ್ ಸಾಂಗ್ ಅರಸರ ರಾಜಧಾನಿ. ಮರದ ಮನೆಗಳು, ಫ್ರೆಂಚರ ಆಳ್ವಿಕೆಯ ಕಾಲದ ಕಟ್ಟಡಗಳು, ಬೀದಿಗೊಂದರಂತೆ ಬೌದ್ಧ ವಿಹಾರಗಳು ಇಲ್ಲಿ ಒಟ್ಟಿಗೇ ಉಳಿದುಬಂದಿವೆ. 1995ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಫೋಟೊಗ್ರಫಿಯ ಆಸಕ್ತರಿಗೆ ಇಲ್ಲಿ ನೋಟಗಳಿಗೇನೂ ಬರವಿಲ್ಲ. ಊರ ನಡುವಿನ ಫೂಸಿ ಗುಡ್ಡ ಹತ್ತಿದರೆ ಸಂಜೆಗೆಂಪಿನ ಮೆಕಾಂಗ್ ಕಾಣುತ್ತದೆ. 1560ರ ಸುಮಾರಿಗೆ ರಾಜ ಸೆಟ್ಠಾತಿರಾತ್ ಕಟ್ಟಿಸಿದ ವಾಟ್ ಸಿಯೆಂಗ್ ಥೋಂಗ್ ವಿಹಾರದ ಮಾಡು ಹಂತಹಂತವಾಗಿ ನೆಲದತ್ತ ಬಾಗಿ ಇಳಿದಿದೆ. ಅದರ ಹಿಂಗೋಡೆಯ ಮೇಲೆ ಬಣ್ಣದ ಗಾಜಿನ ಚೂರುಗಳಿಂದ ಮೂಡಿದ ಬೃಹತ್ ಮರವಿದೆ. ಅದೇ ಆವರಣದಲ್ಲಿ ರಾಜರ ಅಂತ್ಯಯಾತ್ರೆಯ ರಥವಿರುವ ಮನೆಯ ಹೊರಗಿನ ಹೊನ್ನಿನ ಬಣ್ಣದ ಕೆತ್ತನೆಯನ್ನು ದಿಟ್ಟಿಸಿದರೆ ರಾಮಾಯಣದ ಪ್ರಸಂಗಗಳು ಕಾಣುತ್ತವೆ. ಲಾವೋ ಜನರಿಗೂ ತಮ್ಮದೇ ರಾಮಕಥೆಯುಂಟು. ಅದರ ಹೆಸರು ‘ಫ್ರ ಲಕ್ ಫ್ರ ರಾಮ್’.

ಆದರೆ ಈ ಊರಿನ ಜೀವ ತಿಳಿಯಬೇಕಾದರೆ ಸೂರ್ಯ ಹುಟ್ಟುವ ಮೊದಲೇ ಬೀದಿಗೆ ಬರಬೇಕು.

ಹಿಂದಿನ ರಾತ್ರಿಯೇ ನೆನೆಹಾಕಿದ ಅಂಟು ಅಕ್ಕಿಯನ್ನು ಮನೆಯವರು ನಸುಕಿನಲ್ಲೆದ್ದು ಬಿದಿರ ಬುಟ್ಟಿಯಲ್ಲಿ ಹಬೆಗಿಟ್ಟು ಬೇಯಿಸುತ್ತಾರೆ. ಬಿಸಿ ಅನ್ನವನ್ನು ಮುಚ್ಚಳವಿರುವ ಪುಟ್ಟ ಹೆಣಿಗೆಯ ಬುಟ್ಟಿಗೆ ತುಂಬಿ, ಹೆಗಲಿಗೆ ಶಲ್ಯ ಹಾಕಿಕೊಂಡು, ಮನೆಯ ಮುಂದೆ ಚಾಪೆಯ ಮೇಲೆ ಮಂಡಿಯೂರುತ್ತಾರೆ. ವಿಹಾರದ ಡೋಲು ಕೇಳುತ್ತದೆ. ಕಾವಿ ಉಟ್ಟ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಹಿರಿಯರು ಮುಂದೆ, ಇನ್ನೂ ಪೂರ್ಣ ದೀಕ್ಷೆ ಪಡೆಯದ ಎಳೆಯ ಸಾಮಣೇರರು ಕೊನೆಗೆ. ಮಾತಿಲ್ಲ, ಮುಗುಳ್ನಗೆಯ ವಿನಿಮಯವೂ ಇಲ್ಲ. ಬೆರಳ ತುದಿಯಲ್ಲಿ ಹಿಡಿದ ಚಿಕ್ಕ ತುತ್ತೊಂದು ಪ್ರತಿಯೊಬ್ಬರ ಪಾತ್ರೆಗೂ ಬೀಳುತ್ತದೆ. ಸಾಲಿನ ಕೊನೆಯಲ್ಲಿ ಬಡ ಮಕ್ಕಳು ಬುಟ್ಟಿ ಹಿಡಿದು ಕೂತಿದ್ದರೆ, ಸಾಮಣೇರರು ತಮಗೆ ಬಂದ ಅನ್ನದಲ್ಲೇ ಒಂದಿಷ್ಟು ಅವರ ಬುಟ್ಟಿಗೆ ಹಾಕಿ ಮುಂದೆ ನಡೆಯುತ್ತಾರೆ. ಭಿಕ್ಷೆ ನೀಡಿದವರು ತೀರಿಹೋದ ಹಿರಿಯರನ್ನು ನೆನೆದು ನೆಲಕ್ಕೆ ನೀರು ಬಿಡುವುದುಂಟು. ನಮ್ಮ ಕಡೆಯ ತರ್ಪಣ ಬಲ್ಲವರಿಗೆ ಅದರ ಅರ್ಥ ಹೇಳಬೇಕಿಲ್ಲ. ‘ತಾಕ್ ಬಾತ್’ ಎಂಬ ಈ ಆಚರಣೆ ಇಲ್ಲಿ ದಿನವೂ ನಡೆಯುತ್ತದೆ.

ಇದನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ಮುಖ್ಯರಸ್ತೆಯಾದ ಸಕ್ಕಲಿನ್ ಬೀದಿಯಲ್ಲಿ ಭಿಕ್ಷುಗಳ ಮುಖಕ್ಕೇ ಫ್ಲ್ಯಾಶ್ ಹೊಳೆಯುವುದೂ, ಫೋಟೊಗಾಗಿ ಸಾಲಿಗೆ ಅಡ್ಡ ನಿಲ್ಲುವುದೂ ಸಾಮಾನ್ಯವಾಗಿದೆ. ಪ್ರಾರ್ಥನೆಯಲ್ಲಿರುವವರ ಮುಖಕ್ಕೆ ಬೆಳಕು ಚಿಮ್ಮಿಸಲು ಯಾವ ಚಿತ್ರವೂ ನೆಪವಾಗಲಾರದು. ಹಾಗೆಂದು ಈ ಊರಿಗೂ ಕ್ಯಾಮೆರಾಕ್ಕೂ ಹಗೆಯೇನಿಲ್ಲ. ವಾಟ್ ಸೇನ್ ವಿಹಾರದ ಮುಖ್ಯಸ್ಥರಾಗಿದ್ದ ಫ ಖಾಮ್‌ಚಾನ್ (1920–2007) ಜೀವನವಿಡೀ ಛಾಯಾಚಿತ್ರಗಳನ್ನು ಕೂಡಿಟ್ಟವರು. ಯುದ್ಧ ಬಂದು ಹೋಯಿತು, 1975ರಲ್ಲಿ ಅರಸೊತ್ತಿಗೆಯೂ ಕೊನೆಗೊಂಡಿತು, ಚಿತ್ರಗಳು ಉಳಿದವು. ವಿಹಾರಗಳಲ್ಲಿ ಹೀಗೆ ಜೋಪಾನವಾಗಿದ್ದ 30 ಸಾವಿರಕ್ಕೂ ಹೆಚ್ಚು ಚಿತ್ರಗಳು ಇಂದು ಇಲ್ಲಿನ ಬೌದ್ಧ ಛಾಯಾಚಿತ್ರ ಸಂಗ್ರಹದಲ್ಲಿವೆ. ಈ ಸಂಗ್ರಹವನ್ನು ರೂಪಿಸುವ ಕೆಲಸಕ್ಕೆ ಜರ್ಮನಿಯ ಛಾಯಾಗ್ರಾಹಕ ಹಾನ್ಸ್ ಗೇಯೋರ್ಗ್ ಬೆರ್ಗರ್ ಜೊತೆಯಾದರು, ಬ್ರಿಟಿಷ್ ಲೈಬ್ರರಿ ನೆರವು ನೀಡಿತು. ಬೆರ್ಗರ್ 1990ರ ದಶಕದಿಂದ ಭಿಕ್ಷುಗಳ ಒಪ್ಪಿಗೆ ಪಡೆದು, ಅವರ ನಡುವೆ ವರ್ಷಗಟ್ಟಲೆ ಇದ್ದು ಚಿತ್ರ ತೆಗೆದವರು. ಹೊರಗಿನವರೂ ಒಳ್ಳೆಯ ಚಿತ್ರ ತೆಗೆಯಬಹುದು. ಅದಕ್ಕೆ ಮೊದಲು ಬೇಕಾದದ್ದು ಆ ಜನರ ವಿಶ್ವಾಸ.

ನಾಲ್ಕು ದಿನಕ್ಕೆ ಬರುವ ನಮಗೆ ಅಷ್ಟು ಸಮಯ ಇರುವುದಿಲ್ಲ, ಸರಿ. ಆದರೆ ರಸ್ತೆಯ ಆಚೆ ಬದಿಯಲ್ಲಿ ನಿಲ್ಲಬಹುದು, ಫ್ಲ್ಯಾಶ್ ಆರಿಸಬಹುದು, ಹೆಗಲು ಮೊಣಕಾಲು ಮುಚ್ಚುವ ಬಟ್ಟೆ ತೊಡಬಹುದು, ದನಿ ತಗ್ಗಿಸಬಹುದು. ಭಿಕ್ಷುಗಳನ್ನು ಮುಟ್ಟಬಾರದು. ಶ್ರದ್ಧೆಯಿದ್ದರೆ ಮಾತ್ರ ಭಿಕ್ಷೆ ನೀಡಲು ಕೂರಬೇಕು, ಅನ್ನವೂ ಆಗಷ್ಟೇ ಬೆಂದದ್ದಾಗಿರಬೇಕು. ಮುಖ್ಯರಸ್ತೆ ಬಿಟ್ಟು ಒಳಬೀದಿಗಳಿಗೆ ಹೋದರೆ ಜನಜಂಗುಳಿಯಿಲ್ಲದೆ ಇದನ್ನೆಲ್ಲ ನೋಡಲು ಸಿಗುತ್ತದೆ.

ಬೆಂಗಳೂರಿನಿಂದ ಹೊರಡುವವರು ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿ ಲುವಾಂಗ್ ಪ್ರಬಾಂಗ್ ತಲುಪಬಹುದು. ರಾಜಧಾನಿ ವಿಯೆಂಟಿಯಾನ್‌ನಿಂದ 2021ರ ಡಿಸೆಂಬರ್‌ನಲ್ಲಿ ಶುರುವಾದ ರೈಲಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಒಂದೇ ಬೆಳಗ್ಗೆಗೆಂದು ಹೋಗಬೇಡಿ. ಎರಡು ಮೂರು ದಿನ ಉಳಿಯಿರಿ. ಮೊದಲ ದಿನ ಕ್ಯಾಮೆರಾವನ್ನು ಕೋಣೆಯಲ್ಲೇ ಬಿಟ್ಟು ಬರಿಗಣ್ಣಲ್ಲಿ ನೋಡಿ. ಎಲ್ಲಿ ನಿಂತರೆ ಯಾರಿಗೂ ಅಡ್ಡಿಯಾಗದು ಎಂಬುದು ಅಷ್ಟರಲ್ಲಿ ತಿಳಿದಿರುತ್ತದೆ.