ಎದೆಯ ಸಪ್ಪಳ, ತಾಲ್ಲೂಕಿನ ಗಡಿ

ಹೃದಯ ತಪಾಸಣೆಯ ಶಿಬಿರ ಕೂಡ್ಲಿಗಿಯಲ್ಲಿ ನಡೆಯಲಿ, ಹಗರಿಬೊಮ್ಮನಹಳ್ಳಿಯಲ್ಲಿ ನಡೆಯಲಿ, ಬೆಳಗಿನ ನೋಟ ಒಂದೇ. ವರಾಂಡದ ಬೆಂಚಿನ ತುಂಬ ರುಮಾಲು, ಸೆರಗು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೇ ಎಕ್ಸ್‌ರೇ, ರೇಷನ್ ಕಾರ್ಡಿನ ಜೆರಾಕ್ಸು. ಹಡಗಲಿ ಕಡೆಯ ಹೆಂಗಸರು ಬಂದಿದ್ದರೆ ಔಷಧದ ವಾಸನೆಯ ಮೇಲೆ ಮಲ್ಲಿಗೆಯ ಘಮ.

“ಮೆಟ್ಲು ಹತ್ತಿದ್ರ ದಮ್ಮು ಬರ್ತೈತೇನಜ್ಜಾ?”

“ಮೆಟ್ಲು ಯಾಕ್ರಿ ಸಾಹೇಬ್ರ, ಹೊಲದ ಬದು ಹತ್ತಿದ್ರ ಸಾಕು, ಕಣ್ಣಿಗೆ ಕತ್ಲಿ ಬರ್ತೈತಿ.”

ಡಾಕ್ಟರು ಸ್ಟೆತಾಸ್ಕೋಪನ್ನು ಎದೆಯ ಬಲಮೇಲ್ಭಾಗಕ್ಕಿಟ್ಟು, ಆಮೇಲೆ ಕುತ್ತಿಗೆಗೆ ಸರಿಸುತ್ತಾರೆ. ಲಬ್ ಡಬ್ ನಡುವೆ ಒರಟಾದ ಗರಗರ. ಅದು ಕುತ್ತಿಗೆಯವರೆಗೂ ಏರಿದೆ. ರಕ್ತ ಮಹಾಪಧಮನಿಗೆ ಹೊರಡುವ ಕವಾಟ ಸುಣ್ಣಗಟ್ಟಿ ಸೆಟೆದಿರಬೇಕು. ಕಿರಿದಾದ ಕಂಡಿಯಿಂದ ರಕ್ತ ನೂಕಿ ನೂಕಿ ಹೃದಯದ ಎಡಗೋಡೆ ದಪ್ಪಗಾಗುತ್ತದೆ. ಮಾತ್ರೆ ನುಂಗಿದರೆ ಇಂಥ ಕವಾಟ ಬಿಚ್ಚಿಕೊಳ್ಳುವುದಿಲ್ಲ.

1912ರಲ್ಲೇ ಪ್ಯಾರಿಸ್ಸಿನ ಥಿಯೋಡೋರ್ ಟುಫಿಯೇ ಮಹಾಪಧಮನಿಯ ಗೋಡೆಯನ್ನು ಬೆರಳಿನಿಂದ ಒಳಗೊತ್ತಿ ಇಂಥದೊಂದು ಕವಾಟವನ್ನು ಹಿಗ್ಗಿಸಿದ್ದ. ಎಂಥ ಎದೆಗಾರಿಕೆ! ಅದೇ ದೇಶದ ರೂವಾನ್‌ನಲ್ಲಿ ಅಲೈನ್ ಕ್ರಿಬಿಯೇ 1985ರಲ್ಲಿ ಕವಾಟ ಹಿಗ್ಗಿಸಲು ಬಲೂನು ಬಳಸಿದ. ಆದರೆ ಕವಾಟ ಕೆಲವೇ ತಿಂಗಳಲ್ಲಿ ಮತ್ತೆ ಬಿಗಿಯುತ್ತಿತ್ತು. 2002ರಲ್ಲಿ ಅವನೇ, ಎದೆ ಕೊಯ್ಯಿಸಿಕೊಳ್ಳುವ ತ್ರಾಣವಿಲ್ಲದ 57 ವರ್ಷದವನೊಬ್ಬನಿಗೆ ತೊಡೆಯ ರಕ್ತನಾಳದ ಮೂಲಕವೇ ಹೊಸ ಕವಾಟ ಕೂರಿಸಿದ.

ನಮ್ಮ ಸೀಮೆಯಲ್ಲಿ ನಡೆದ ಪ್ರಯೋಗವೇ ಬೇರೆ, ಅದನ್ನು ಪ್ರಯೋಗವೆಂದು ಯಾರೂ ಕರೆಯಲಿಲ್ಲ. 2010ರಲ್ಲಿ ಬಡವರ ದೊಡ್ಡ ಆಪರೇಷನ್ನುಗಳ ಖರ್ಚು ಹೊರುವ ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದು ಕಲಬುರಗಿ ವಿಭಾಗಕ್ಕೆ. ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಅದರೊಳಗೆ. 1997ರಿಂದ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಹೊರಗೆ. ಅದೇ ಮಣ್ಣು, ಅದೇ ಮೆಕ್ಕೆಜೋಳ, ಬೀಗತನ ಕೂಡ ಆಚೀಚೆಯದೇ. ವಿಭಾಗಗಳ ಗಡಿಗುಂಟ ಎರಡೂ ಕಡೆಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು: ಯೋಜನೆಯಡಿ ಚಿಕಿತ್ಸೆಯಿರುವ ಕಾಯಿಲೆಗಳಿಂದ ಬಡವರ ಸಾವು ಒಳಗೆ ಶೇ 0.32, ಹೊರಗೆ ಶೇ 0.90. ಈ ಕಾಯಿಲೆಗಳಲ್ಲಿ ಹೃದಯದ್ದೇ ದೊಡ್ಡ ಪಾಲು.

ಯೋಜನೆ ಆಮೇಲೆ ಹೊರಗುಳಿದಿದ್ದ ದಕ್ಷಿಣಕ್ಕೂ ಹೋಯಿತು. 2021ರಿಂದ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಯವು. ಹೃದಯದ ಎಕೋ ಸ್ಕ್ಯಾನಿನ ಚೀಟಿ ಹಿಡಿದ ಅಜ್ಜನಿಗೆ ಈಗ ತನ್ನ ಕಾರ್ಡು ಗಡಿಯ ಯಾವ ಕಡೆಯದೆಂಬ ಚಿಂತೆಯಿಲ್ಲ.

“ಬೆಂಗ್ಳೂರು ಜಯದೇವ ಆಸ್ಪತ್ರಿಗೆ ಹೋಗ್ಬೇಕಾಕ್ಕತಿ ಅಂತೀರಿ. ಶೇಂಗಾ ಕೀಳೋ ಕಾಲ. ಸಂಗ್ತೀಲೆ ಯಾರ್ ಬರ್ತಾರ್ರಿ?”