ಬೇಗೂರಿನ ಅಗ್ಗದ ಜಾಗ: ಬೆಲೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಬೇಗೂರು ಎಂದೊಡನೆ ಹೆಚ್ಚಿನ ಕನ್ನಡಿಗರಿಗೆ ನೆನಪಾಗುವುದು ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ ಹಳೆಯ ವೀರಗಲ್ಲಿನ ಊರು. ಅದೀಗ ಮಹಾನಗರದ ಬಡಾವಣೆ. ಗುಂಡ್ಲುಪೇಟೆ ತಾಲೂಕಿನಲ್ಲಿಯೂ ಒಂದು ಬೇಗೂರಿದೆ. ವಯನಾಡಿನ ಬೇಗೂರು ಇವೆರಡಕ್ಕಿಂತಲೂ ಬೇರೆ. ಮಾನಂತವಾಡಿಯಿಂದ ಕಾಟ್ಟಿಕುಳ, ತೋಲ್ಪೆಟ್ಟಿ ಮಾರ್ಗವಾಗಿ ಕೊಡಗಿನ ಕುಟ್ಟಕ್ಕೆ ಸಾಗುವ ದಾರಿಯಲ್ಲಿ, ತಿರುನೆಲ್ಲಿ ಪಂಚಾಯತಿನ ಕಾಡಿಗೆ ಅಂಟಿಕೊಂಡಿರುವ ಪ್ರದೇಶವದು. ಉತ್ತರ ವಯನಾಡು ಅರಣ್ಯ ವಿಭಾಗದ ಒಂದು ವಲಯಕ್ಕೆ ಅದರದೇ ಹೆಸರಿದೆ.

ಕಾಸರಗೋಡಿನಿಂದ ಸರಕಾರಿ ನೌಕರಿಯ ಮೇಲೆ ವಯನಾಡಿಗೆ ಹೋಗುವ ಕುಟುಂಬಗಳ ಕಣ್ಣು ಇಂತಹ ಜಾಗಗಳ ಮೇಲೆ ಬೀಳುವುದು ಸಹಜ. ಪೇಟೆಯಲ್ಲಿ ಐದು ಸೆಂಟ್ಸಿಗೆ ಕೊಡುವ ಹಣಕ್ಕೆ ಕಾಡಂಚಿನಲ್ಲಿ ಅದಕ್ಕಿಂತ ವಿಶಾಲವಾದ ಜಾಗ ದೊರೆಯುತ್ತದೆ. ತಂಪು ಹವೆ, ಬಾವಿಯಲ್ಲಿ ನೀರು, ಸುತ್ತಲೂ ಕಾಫಿ ಮತ್ತು ಕರಿಮೆಣಸು. ಗಡಿ ದಾಟಿದರೆ ಕನ್ನಡನಾಡು ಎಂಬ ಸಮಾಧಾನವೂ ಉಂಟು. ಆದರೆ ಬೆಲೆ ಇಳಿದಿರುವುದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಕಾಡಿನಲ್ಲಿರಬಹುದು, ಗುಡ್ಡದಲ್ಲಿರಬಹುದು, ಕಾಗದದಲ್ಲಿಯೂ ಇರಬಹುದು.

ಕಾಡಿನಿಂದಲೇ ಆರಂಭಿಸೋಣ. 2024ರ ಫೆಬ್ರವರಿ 10ರ ಬೆಳಗ್ಗೆ ಮಾನಂತವಾಡಿ ಸಮೀಪದ ಪಡಮಲದಲ್ಲಿ ಕಾಡಾನೆಯೊಂದು ಮನೆಯ ಅಂಗಳಕ್ಕೆ ನುಗ್ಗಿ ಒಬ್ಬರನ್ನು ಕೊಂದಿತು. ಆ ಆನೆಗೆ ಬೇಲೂರು ಮಖ್ನ ಎಂದು ಹೆಸರು. ಹಾಸನ ಜಿಲ್ಲೆಯ ಬೇಲೂರಿನ ಕಡೆಯಲ್ಲಿ ಸೆರೆಹಿಡಿದು, ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ ಕರ್ನಾಟಕದ ಅರಣ್ಯ ಇಲಾಖೆ ಮರಳಿ ಕಾಡಿಗೆ ಬಿಟ್ಟಿದ್ದ ದಂತವಿಲ್ಲದ ಗಂಡಾನೆ ಅದು. ಅನಂತರ ದಿನಗಟ್ಟಲೆ ಹುಡುಕಾಟ ನಡೆದದ್ದು ತಿರುನೆಲ್ಲಿ, ಬಾವಲಿ ಕಡೆಯ ಕಾಡುಗಳಲ್ಲಿ. ಆ ದುರಂತ ನಡೆದ ಸ್ಥಳ ದಟ್ಟ ಕಾಡಲ್ಲ, ಜನವಸತಿ ಇದ್ದ ಊರು. 2025ರ ಜನವರಿಯಲ್ಲಿ ಮಾನಂತವಾಡಿಯ ಪಂಚಾರಕೊಲ್ಲಿಯಲ್ಲಿ ಕಾಫಿ ಕೊಯ್ಯಲು ಹೋದ ಮಹಿಳೆಯೊಬ್ಬರು ಹುಲಿಗೆ ಬಲಿಯಾದರು.

ಹಾಗೆಂದು ವಯನಾಡಿನಲ್ಲಿ ಯಾರೂ ಮನೆ ಕಟ್ಟಬಾರದೇ? ಅಲ್ಲಿ ಲಕ್ಷಾಂತರ ಜನ ಬದುಕುತ್ತಿದ್ದಾರೆ. ಆದರೆ ಮಕ್ಕಳಿರುವ ಕುಟುಂಬ ಜಾಗ ನೋಡಲು ನಡುಹಗಲಿನಲ್ಲಿ ದಲ್ಲಾಳಿಯ ಕಾರಿನಲ್ಲಿ ಹೋಗಿ ಬಂದರೆ ಸಾಲದು. ಸಂಜೆ ಆರರ ಹೊತ್ತಿಗೆ ಬಸ್ಸಿನಿಂದ ಇಳಿದು ಆ ಮನೆಯವರೆಗೆ ನಡೆದು ನೋಡಬೇಕು. ಬೀದಿದೀಪ ಇದೆಯೇ, ದಾರಿಯಲ್ಲಿ ಎಷ್ಟು ಮನೆಗಳಿವೆ, ಸೌರಬೇಲಿಯ ತಂತಿಯಲ್ಲಿ ವಿದ್ಯುತ್ ಹರಿಯುತ್ತಿದೆಯೇ ಅಥವಾ ಕಂಬ ಮಾತ್ರ ಉಳಿದಿದೆಯೇ? ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಯಾವ ತೋಟಕ್ಕೆ ಬರುತ್ತದೆ ಎಂಬುದು ನೆರೆಮನೆಯವರಿಗೆ ಬಾಯಿಪಾಠವಾಗಿರುತ್ತದೆ. ಮಾರುವವನು ಅದನ್ನು ಹೇಳುವುದಿಲ್ಲ.

ಇನ್ನು ಗುಡ್ಡ. ಬೇಗೂರು ಜಿಲ್ಲೆಯ ಉತ್ತರದಲ್ಲಿದೆ. 2019ರ ಆಗಸ್ಟ್ 8ರಂದು ಕುಸಿದ ಪುತ್ತುಮಲ, 2024ರ ಜುಲೈ 30ರ ನಸುಕಿನಲ್ಲಿ ಕೊಚ್ಚಿಹೋದ ಮುಂಡಕ್ಕೈ ಮತ್ತು ಚೂರಲ್‌ಮಲ ದಕ್ಷಿಣದ ಮೇಪ್ಪಾಡಿ ಪಂಚಾಯತಿನವು. ಆದರೂ ಅವುಗಳಿಂದ ಕಲಿಯಬೇಕಾದ ಪಾಠ ಇಡೀ ಜಿಲ್ಲೆಗೆ ಅನ್ವಯಿಸುತ್ತದೆ. ಚೂರಲ್‌ಮಲದಲ್ಲಿ ಮಣ್ಣು, ಬಂಡೆ, ನೀರು ಒಟ್ಟಾಗಿ ಬಹುದೂರದ ಮೇಲಿನಿಂದ ಹೊಳೆಯ ಪಾತ್ರದಲ್ಲಿ ಇಳಿದು ಬಂದವು. ಸಮತಟ್ಟಾಗಿ ಕಾಣುತ್ತಿದ್ದ ಪೇಟೆಯ ಮನೆಗಳೂ ಉಳಿಯಲಿಲ್ಲ. 250ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಹಾಗಾಗಿ ತನ್ನ ಹತ್ತು ಸೆಂಟ್ಸು ಸಮತಟ್ಟಾಗಿದೆಯೇ ಎಂದು ನೋಡಿದರೆ ಸಾಲದು, ಅದರ ಮೇಲ್ಗಡೆ ಏನಿದೆ ಎಂದು ಹತ್ತಿ ನೋಡಬೇಕು. ಮಳೆಗಾಲದಲ್ಲಿ ಮಾತ್ರ ಹರಿಯುವ ತೋಡಿನ ಪಕ್ಕ, ಹೊಸದಾಗಿ ಒರತೆ ಕಾಣಿಸಿಕೊಂಡ ಜಾಗ, ವಾಲಿ ನಿಂತ ಮರಗಳ ಕೆಳಭಾಗ, ಇವೆಲ್ಲ ಬೇಡ. ಮನೆಯ ಹಿಂದೆ ನೆಟ್ಟಗೆ ಕಡಿದ ಬರೆ ಇದ್ದರಂತೂ ಜರಿಯುವ ಭಯ ಪ್ರತಿ ಜುಲೈಯಲ್ಲಿಯೂ ಇರುತ್ತದೆ. ಕಾಸರಗೋಡಿನ ಗುಡ್ಡಗಳಲ್ಲಿಯೂ ಇದು ಹೊಸ ಮಾತಲ್ಲ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಭೂಕುಸಿತ ವಲಯಗಳ ನಕಾಶೆಯಲ್ಲಿ ಆ ಸರ್ವೆ ನಂಬ್ರ ಎಲ್ಲಿ ಬರುತ್ತದೆ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು.

ಕಾಗದದ ಕಥೆ ಇವೆರಡಕ್ಕಿಂತಲೂ ಜಟಿಲ. ಕಾಡು ಮತ್ತು ಗುಡ್ಡ ಕಣ್ಣಿಗೆ ಕಾಣುತ್ತವೆ, ಕಾಗದದ ದೋಷ ಕಾಣುವುದಿಲ್ಲ. ವಯನಾಡಿನಲ್ಲಿ ಭೂಮಿಯ ಜಾತಿಯನ್ನು ಮೊದಲು ಕೇಳಬೇಕು. ಕಂದಾಯ ದಾಖಲೆಯಲ್ಲಿ ಅದು ‘ಪುರಯಿಡಂ’ ಎಂದಿದ್ದರೆ ಮನೆಗೆ ಅನುಕೂಲ. ‘ನಿಲಂ’ ಎಂದಿದ್ದರೆ, ಈಗ ಅಲ್ಲಿ ಬಾಳೆತೋಟವಿದ್ದರೂ, ಕಾನೂನಿನ ಕಣ್ಣಿಗೆ ಅದು ಗದ್ದೆ. 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯಿದೆಯ ಡಾಟಾ ಬ್ಯಾಂಕಿನಲ್ಲಿ ಅದು ಸೇರಿದ್ದರೆ ಮನೆಗೆ ಅನುಮತಿ ಸಿಗುವುದು ಕಷ್ಟ. ಮನೆ ಕಟ್ಟಲು ಕಾಯಿದೆ ಕೊಡುವ ರಿಯಾಯಿತಿ ಅದು ಜಾರಿಯಾದಾಗ ಗದ್ದೆಯ ಒಡೆಯರಾಗಿದ್ದವರಿಗೇ ಹೊರತು ಬಳಿಕ ತುಂಡು ಕೊಂಡವರಿಗಲ್ಲ. ‘ತೋಟಂ’ ಎಂದಿದ್ದರೆ ಇನ್ನೊಂದು ತೊಡಕು. 1963ರ ಭೂಸುಧಾರಣಾ ಕಾಯಿದೆಯಡಿ ಭೂಮಿತಿಯಿಂದ ವಿನಾಯಿತಿ ಪಡೆದ ತೋಟವನ್ನು ಚೂರು ಚೂರಾಗಿ ಮನೆಜಾಗವೆಂದು ಮಾರಿದರೆ, ಆ ವಿನಾಯಿತಿಯ ಪ್ರಶ್ನೆ ಕೊಂಡವನ ಬೆನ್ನಿಗೂ ಬೀಳುತ್ತದೆ.

ಬೇಗೂರಿನಂತಹ ಕಡೆ ಇವೆಲ್ಲಕ್ಕಿಂತ ಮುಖ್ಯವಾದುದು ಆದಿವಾಸಿಗಳ ಭೂಮಿ. ತಿರುನೆಲ್ಲಿಯಲ್ಲಿ ಅಡಿಯರು, ಕಾಟ್ಟುನಾಯಕರು ತಲೆತಲಾಂತರದಿಂದ ನೆಲೆಸಿದ್ದಾರೆ. ಕಾಟ್ಟುನಾಯಕರ ಮಾತಿನಲ್ಲಿ ಕನ್ನಡದ ಕಿವಿಗೆ ಗುರುತು ಹತ್ತುವ ಪದಗಳು ಬಹಳ. ಪರಿಶಿಷ್ಟ ಪಂಗಡದವರ ಭೂಮಿಯನ್ನು ಇತರರು ಕೊಳ್ಳಲು 1999ರ ಕೇರಳ ಕಾಯಿದೆಯಂತೆ ಅಧಿಕಾರಿಯ ಲಿಖಿತ ಪೂರ್ವಾನುಮತಿ ಬೇಕು, ಇಲ್ಲವಾದರೆ ಆ ವರ್ಗಾವಣೆ ಅಸಿಂಧು. 2006ರ ಅರಣ್ಯ ಹಕ್ಕು ಕಾಯಿದೆಯಡಿ ದೊರೆತ ಭೂಮಿಯನ್ನಂತೂ ಮಾರುವಂತೆಯೇ ಇಲ್ಲ, ಅದು ವಾರಸುದಾರರಿಗೆ ಮಾತ್ರ ದಾಟುತ್ತದೆ. ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಕರಾರು ಬರೆಸಿ ‘ಮುಂದೆ ಎಲ್ಲ ಸರಿಯಾಗುತ್ತದೆ’ ಎನ್ನುವ ಮಧ್ಯವರ್ತಿಗಳ ಮಾತು ಕೇಳಿದವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಬಡವನೊಬ್ಬನ ನೆಲ ಕಸಿಯುವುದರಲ್ಲಿ ಪಾಲುದಾರರೂ ಆಗುತ್ತಾರೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ತಿರುನೆಲ್ಲಿ, ತ್ರಿಶ್ಶಿಲೇರಿ ಗ್ರಾಮಗಳ ಹೆಸರಿರುವುದನ್ನೂ ಮರೆಯಬಾರದು.

ಹಾಗಾದರೆ ಎಲ್ಲಿ ಕೊಳ್ಳುವುದು? ಮಿತವಾದ ಆದಾಯದ ಕುಟುಂಬಕ್ಕೆ ಬೇಗೂರಿನ ಇಪ್ಪತ್ತು ಸೆಂಟ್ಸಿಗಿಂತ ಕಾಟ್ಟಿಕುಳ ಪೇಟೆಯ ಬಳಿಯ ಅಥವಾ ಮಾನಂತವಾಡಿ ನಗರಸಭೆಯೊಳಗಿನ ಐದಾರು ಸೆಂಟ್ಸು ಮೇಲು. ಅಕ್ಕಪಕ್ಕ ಮನೆಗಳು, ಹತ್ತಿರ ಶಾಲೆ ಮತ್ತು ಆಸ್ಪತ್ರೆ ಇರಬೇಕು, ಮಗು ನಡೆದುಹೋಗುವ ದಾರಿ ಕಾಡನ್ನು ದಾಟಬಾರದು. ಪಡಮಲದ ನೆನಪಿರುವವರು ಅದನ್ನೂ ಪೂರ್ತಿ ಸುರಕ್ಷಿತ ಎನ್ನಲಾರರು, ಆದರೆ ಅಪಾಯದ ಪ್ರಮಾಣದಲ್ಲಿ ಅಂತರವಿದೆ. ವರ್ಗಾವಣೆಯ ನೌಕರಿಯವರು ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡುವುದು ಇನ್ನೂ ಜಾಣತನ.

ಖರ್ಚಿನ ಲೆಕ್ಕದಲ್ಲಿ ನೋಂದಣಿಯನ್ನು ಮರೆಯುವವರು ಹಲವರು. ಮುದ್ರಾಂಕ ಶುಲ್ಕ ನೂರಕ್ಕೆ ಎಂಟು, ನೋಂದಣಿ ಶುಲ್ಕ ನೂರಕ್ಕೆ ಎರಡು. ಹತ್ತು ಲಕ್ಷದ ಜಾಗಕ್ಕೆ ಒಂದು ಲಕ್ಷ ಬೇರೆಯೇ ಬೇಕು. ಆಧಾರ, ಅದರ ಹಿಂದಿನ ಆಧಾರಗಳು, ಈ ಸಾಲಿನ ತೀರ್ವೆ ರಶೀದಿ, ವಿಲೇಜ್ ಕಚೇರಿಯ ಕೈವಶ ಸರ್ಟಿಫಿಕೇಟು, ಋಣಭಾರ ಪತ್ರ ಇವಿಷ್ಟನ್ನು ತರಿಸಿ ಓದಬೇಕು. ಓದುವುದೆಂದರೆ ಮಲೆಯಾಳದಲ್ಲಿ. ಕನ್ನಡ ಮಾಧ್ಯಮದಲ್ಲಿ ಕಲಿತ ತಂದೆತಾಯಂದಿರಿಗೆ ಮಲೆಯಾಳ ಮಾತು ಬಂದರೂ ಆಧಾರದ ಬರವಣಿಗೆ ಕೈಗೆಟುಕದಿರಬಹುದು. ಕಾಸರಗೋಡಿನಲ್ಲಿ ಕನ್ನಡಕ್ಕಿರುವ ಸವಲತ್ತನ್ನು ವಯನಾಡಿನ ಕಚೇರಿಯಲ್ಲಿ ನಿರೀಕ್ಷಿಸಲಾಗದು. ಮಾರುವವನ ಕಡೆಯವರಲ್ಲದ, ಎರಡೂ ಭಾಷೆ ಬಲ್ಲ ಒಬ್ಬರಿಂದ ಪ್ರತಿ ಸಾಲನ್ನೂ, ವಿಶೇಷವಾಗಿ ಕೊನೆಯ ಪುಟದಲ್ಲಿ ನಾಲ್ಕು ಗಡಿ ಹೇಳುವ ಪಟ್ಟಿಯನ್ನು ಓದಿಸಿಕೊಂಡು, ಆ ಗಡಿಗಳಲ್ಲಿ ಎಲ್ಲಾದರೂ ‘ವನಂ’ ಎಂಬ ಪದ ಬಂದಿದ್ದರೆ ಅರಣ್ಯ ವಲಯ ಕಚೇರಿಗೆ ಹೋಗಿ ಅವರ ಗಡಿಕಲ್ಲು ಎಲ್ಲಿದೆ ಎಂದು ವಿಚಾರಿಸಿದ ಮೇಲೆಯೇ ಮುಂಗಡದ ಮಾತು.