ಬೇರಿಲ್ಲದ ಪದವೊಂದು ಸಿಕ್ಕಿಬಿದ್ದ ಕತೆ

1939ರ ಫೆಬ್ರವರಿ 28. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿರುವ ಮೆರಿಯಮ್ ಕಂಪನಿಯ ಸಂಪಾದಕರೊಬ್ಬರ ಕಣ್ಣು ತಮ್ಮದೇ ಸಂಸ್ಥೆಯ ನಿಘಂಟಿನ 771ನೇ ಪುಟದ ಒಂದು ಪದದ ಮೇಲೆ ನಿಂತಿತು. ಪದ 'ಡಾರ್ಡ್'. ನಾಮಪದ ಎಂಬ ಗುರುತಿತ್ತು. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ಸೇರಿದ್ದು ಎಂದು ಬರೆದಿತ್ತು. ಹೇಗೆ ಉಚ್ಚರಿಸಬೇಕೆಂದೂ ತಿಳಿಸಿತ್ತು. ಅರ್ಥ: ಸಾಂದ್ರತೆ. ಒಂದೇ ಒಂದು ಕಾಣಲಿಲ್ಲ. ಆ ಪದ ಯಾವ ಭಾಷೆಯಿಂದ, ಯಾವ ಮೂಲದಿಂದ ಬಂತು ಎಂಬ ವಿವರ.

ಅದರ ಅಕ್ಕಪಕ್ಕದ ಪದಗಳಿಗೆ ಆ ಕೊರತೆಯಿರಲಿಲ್ಲ. ಮೇಲಿದ್ದದ್ದು 'ಡಾರ್ಕಾಪ್ಸಿಸ್', ನ್ಯೂಗಿನಿಯ ಸಣ್ಣ ಕಾಂಗರೂ. ಗ್ರೀಕ್ ಭಾಷೆಯಲ್ಲಿ ಜಿಂಕೆಯಂಥ ಪ್ರಾಣಿಗಿರುವ ಹೆಸರು ಮತ್ತು 'ತೋರಿಕೆ' ಎಂಬರ್ಥದ ಪದ ಕೂಡಿ ಆದದ್ದು. ಕೆಳಗಿದ್ದದ್ದು 'ಡೊರೇ', ಹೊನ್ನಿನ ಬಣ್ಣದ್ದು ಎಂಬರ್ಥದ ಫ್ರೆಂಚ್ ಪದ. ಇವೆರಡರ ನಡುವೆ ಡಾರ್ಡ್ ಮಾತ್ರ ತಾಯಿಬೇರಿಲ್ಲದೆ ನಿಂತಿತ್ತು.

ಆ ನಿಘಂಟು ಸಾಮಾನ್ಯದ್ದಲ್ಲ. 1934ರಲ್ಲಿ ಹೊರಬಂದ ವೆಬ್‌ಸ್ಟರ್ಸ್ ನ್ಯೂ ಇಂಟರ್‌ನ್ಯಾಷನಲ್ ಡಿಕ್ಷನರಿಯ ಎರಡನೆಯ ಆವೃತ್ತಿ ಅದು. ಸುಮಾರು ಆರು ಲಕ್ಷ ನಮೂದುಗಳು, ಮೂರು ಸಾವಿರಕ್ಕೂ ಹೆಚ್ಚು ಪುಟಗಳು. ಇಂಗ್ಲಿಷ್ ಪದದ ಬಗ್ಗೆ ಜಗಳ ಬಂದರೆ ಅಮೆರಿಕದ ಜನ ಅದನ್ನೇ ತೆರೆದು ತೀರ್ಮಾನ ಮಾಡುತ್ತಿದ್ದರು. ಅಂಥ ಗ್ರಂಥದಲ್ಲಿ ಈ ಪದ ಐದು ವರ್ಷ ಕುಳಿತಿತ್ತು.

ಸಂಪಾದಕರು ಹಳೆಯ ಕಡತಗಳನ್ನು ಹುಡುಕಿಸಿದರು. ನಿಘಂಟಿನ ಕೆಲಸವೆಲ್ಲ ಚೀಟಿಗಳ ಮೇಲೆ ನಡೆಯುತ್ತಿದ್ದ ಕಾಲ ಅದು. ಒಂದೊಂದು ನಮೂದಿಗೆ ಒಂದೊಂದು ಚೀಟಿ. ಕೆಲಸ ಮುಗಿದ ಮೇಲೂ ಅವನ್ನು ಎಸೆಯುತ್ತಿರಲಿಲ್ಲ. ಡಾರ್ಡ್‌ನ ಚೀಟಿ ಸಿಕ್ಕಿತು. ಅದರ ಮೇಲಿದ್ದ ದಿನಾಂಕ 1931ರ ಜುಲೈ 31. ಬರೆದವರು ನಿಘಂಟಿನ ರಸಾಯನಶಾಸ್ತ್ರ ಸಂಪಾದಕ ಆಸ್ಟಿನ್ ಪ್ಯಾಟರ್ಸನ್.

ಪ್ಯಾಟರ್ಸನ್ ಹೊಸ ಪದವನ್ನೇನೂ ಸೂಚಿಸಿರಲಿಲ್ಲ. ದೊಡ್ಡ ಡಿ ಅಕ್ಷರವನ್ನೋ ಸಣ್ಣ ಡಿ ಅಕ್ಷರವನ್ನೋ ಸಾಂದ್ರತೆಯ ಸಂಕ್ಷಿಪ್ತ ರೂಪವಾಗಿ ಬಳಸುವುದುಂಟು, ಅದನ್ನೂ ಸೇರಿಸಿ ಎಂದಷ್ಟೇ ಅವರು ಹೇಳಿದ್ದು. ಹಾಗಾಗಿ ಚೀಟಿಯಲ್ಲಿ ಮೊದಲು ದೊಡ್ಡ ಡಿ ಇತ್ತು, ಆಮೇಲೆ 'ಅಥವಾ' ಎಂಬರ್ಥದ ಎರಡಕ್ಷರದ ಇಂಗ್ಲಿಷ್ ಪದ, ಕೊನೆಗೆ ಸಣ್ಣ ಡಿ. ಎಲ್ಲ ಸೇರಿ ನಾಲ್ಕು ಅಕ್ಷರ.

ಈ ನಾಲ್ಕು ಅಕ್ಷರ ಒಂದೇ ಪದವಾಗಿ ಕಾಣುವುದಕ್ಕೆ ಎರಡು ಕಾರಣಗಳು ಒದಗಿಬಂದವು. ಹಿಂದಿನ ಆವೃತ್ತಿಯಲ್ಲಿ ಪದಗಳೂ ಸಂಕ್ಷಿಪ್ತ ರೂಪಗಳೂ ಒಂದೇ ಪಟ್ಟಿಯಲ್ಲಿದ್ದವು; ಹೊಸ ಆವೃತ್ತಿಯಲ್ಲಿ ಸಂಕ್ಷಿಪ್ತ ರೂಪಗಳನ್ನು ಬೇರೆ ವಿಭಾಗಕ್ಕೆ ತೆಗೆದಿಟ್ಟರು. ಚೀಟಿಗಳನ್ನು ವಿಂಗಡಿಸುವಾಗ ಇದು ಪದಗಳ ರಾಶಿಗೆ ಬಿತ್ತು. ಇನ್ನೊಂದು ಕಾರಣ ಟೈಪಿಂಗ್ ಪದ್ಧತಿ. ಸ್ವರಭಾರದಂಥ ಗುರುತುಗಳನ್ನು ಆಮೇಲೆ ಕೈಯಲ್ಲಿ ಹಾಕಲು ಜಾಗವಿರಲಿ ಎಂದು ಮುಖ್ಯಪದದ ಅಕ್ಷರಗಳನ್ನು ಬಿಡಿಬಿಡಿಯಾಗಿ ಟೈಪ್ ಮಾಡುತ್ತಿದ್ದರು. ಆ ರೂಢಿಯಲ್ಲಿ ಪಳಗಿದ ಕಣ್ಣಿಗೆ ಚೀಟಿಯ ಖಾಲಿ ಜಾಗಗಳು ಅನುಮಾನ ಹುಟ್ಟಿಸಲಿಲ್ಲ. ನಾಲ್ಕು ಅಕ್ಷರ ಒಂದಾದವು. ನಾಮಪದ ಎಂಬ ಗುರುತು ಬಂತು, ಉಚ್ಚಾರಣೆ ಬಂತು. ಪದ ಅಚ್ಚಿಗೆ ಹೋಯಿತು.

ಚೀಟಿ ಕೈಗೆ ಬಂದ ಮೇಲೆ ಅಚ್ಚಿನ ಫಲಕವನ್ನು ತಿದ್ದಲು ಆದೇಶವಾಯಿತು. 1940ರಿಂದ ತಿದ್ದಿದ ಪ್ರತಿಗಳು ಹೊರಬರತೊಡಗಿದವು. ಪದವನ್ನು ತೆಗೆದಾಗ ಉಳಿದ ಜಾಗವನ್ನು ತುಂಬಲು ಹತ್ತಿರದಲ್ಲೇ ಇದ್ದ, ಚಿನ್ನಬೆಳ್ಳಿಯ ಮಿಶ್ರಲೋಹವನ್ನು ಶುದ್ಧಿಮಾಡುವ ಕುಲುಮೆಯ ವಿವರಣೆಯನ್ನು ಒಂದಿಷ್ಟು ಉದ್ದ ಮಾಡಿದರು. ಪ್ಯಾಟರ್ಸನ್ ಕೇಳಿದ್ದ ಸಂಕ್ಷಿಪ್ತ ರೂಪ ತನ್ನ ಸರಿಯಾದ ಸ್ಥಳಕ್ಕೆ ಸೇರಿತು. ಸಂಸ್ಥೆ ಈ ಸಂಗತಿಯನ್ನು ಮುಚ್ಚಿಡಲಿಲ್ಲ. ಮುಂದೆ 1961ರ ಮೂರನೆಯ ಆವೃತ್ತಿಗೆ ಪ್ರಧಾನ ಸಂಪಾದಕರಾದ ಫಿಲಿಪ್ ಗೋವ್ ಅವರೇ 1954ರಲ್ಲಿ 'ಅಮೆರಿಕನ್ ಸ್ಪೀಚ್' ಪತ್ರಿಕೆಯಲ್ಲಿ ಇಡೀ ಕತೆಯನ್ನು ಬರೆದರು. ಇಂದು ನಮಗೆ ಇಷ್ಟು ವಿವರ ತಿಳಿದಿರುವುದು ಅವರ ಪ್ರಾಮಾಣಿಕತೆಯಿಂದ.

ಇಂಥ ಪದಗಳಿಗೆ ಇಂಗ್ಲೆಂಡಿನ ವಿದ್ವಾಂಸ ವಾಲ್ಟರ್ ಸ್ಕೀಟ್ 1886ರಲ್ಲೇ 'ದೆವ್ವದ ಪದ' ಎಂಬರ್ಥದ ಹೆಸರಿಟ್ಟಿದ್ದರು. ಅವರ ಕಣ್ಣೆದುರು 'ಅಬಕಾಟ್' ಇತ್ತು. ರಾಜರು ತೊಡುತ್ತಿದ್ದ ಒಂದು ಬಗೆಯ ಟೋಪಿ ಎಂದು ನಿಘಂಟುಗಳು ಅದಕ್ಕೆ ಅರ್ಥ ಹೇಳುತ್ತಿದ್ದವು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಅದರ ಹೆಜ್ಜೆಗಳನ್ನು ಹಿಂದಕ್ಕೆ ಹುಡುಕುತ್ತ ಹೋದರು. ಮೂಲದಲ್ಲಿ ಇದ್ದದ್ದು 'ಬೈಕಾಕೆಟ್'. ಹಳೆಯ ಚರಿತ್ರೆಯ ಪುಸ್ತಕಗಳಲ್ಲಿ ತಪ್ಪಾಗಿ ಅಚ್ಚಾಗಿ, ರೂಪ ಕೆಟ್ಟು, ಒಂದು ನಿಘಂಟಿನಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದಿತ್ತು. ಡಾರ್ಡ್ ಆಗಲಿ ಅಬಕಾಟ್ ಆಗಲಿ ಸಿಕ್ಕಿಬಿದ್ದದ್ದು ಒಂದೇ ಪ್ರಶ್ನೆಯಿಂದ: ನೀನು ಬಂದದ್ದು ಎಲ್ಲಿಂದ?

ಅಪರೂಪದ ಇಂಗ್ಲಿಷ್ ಪದ ಕಂಡಾಗ ನಾವು ಸಾಮಾನ್ಯವಾಗಿ ಈ ಪ್ರಶ್ನೆ ಕೇಳುವುದಿಲ್ಲ. ಗೊತ್ತಿಲ್ಲದ್ದು ನಮ್ಮ ಕೊರತೆ ಎಂದುಕೊಂಡು, ಅರ್ಥವನ್ನು ಟಿಪ್ಪಣಿ ಪುಸ್ತಕಕ್ಕಿಳಿಸಿ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಮುಗಿದ ವಾರಕ್ಕೆ ಪದವೂ ಮರೆತುಹೋಗುತ್ತದೆ. ಮೂಲ ತಿಳಿದ ಪದ ಹಾಗೆ ಮರೆಯಾಗುವುದಿಲ್ಲ, ಏಕೆಂದರೆ ಅದರ ಜೊತೆ ಒಂದು ಊರು, ಒಂದು ಹಡಗು, ಒಂದು ವ್ಯಾಪಾರ ನೆನಪಿನಲ್ಲಿ ಉಳಿಯುತ್ತದೆ.

ಕನ್ನಡಿಗರಿಗಂತೂ ಈ ಹುಡುಕಾಟದಲ್ಲಿ ವಿಶೇಷ ಸಂತೋಷವಿದೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಬರುವ 'ಅರೆಕಾ' ಎಂಬ ಪದವನ್ನು ತೆಗೆದುಕೊಳ್ಳಿ. ಪೋರ್ಚುಗೀಸರು ಮಲಬಾರಿನಲ್ಲಿ ಕೇಳಿದ ಮಲಯಾಳದ 'ಅಡಕ್ಕ' ಯೂರೋಪಿಗೆ ಹೋಗಿ ಆ ರೂಪ ತಳೆಯಿತು. ಅಡಕ್ಕ ನಮ್ಮ ಅಡಕೆಯ ಒಡಹುಟ್ಟು. 'ಟೀಕ್' ಕೂಡ ಪೋರ್ಚುಗೀಸರ ಮೂಲಕವೇ ಹೋದದ್ದು. ಮೂಲ ಮಲಯಾಳದ 'ತೇಕ್ಕ್', ನಮ್ಮಲ್ಲಿ ತೇಗ. 'ಮಂಗೂಸ್' ಮರಾಠಿಯಿಂದ ಹೋಯಿತು. ಅದನ್ನು ಓದಿದೊಡನೆ ಗದ್ದೆಯ ಬದುವಿನ ಮುಂಗುಸಿ ಕಣ್ಣಿಗೆ ಬರುತ್ತದೆ. ಪರಕೀಯ ಎಂದು ದೂರವಿಟ್ಟ ಭಾಷೆಯಲ್ಲಿ ನಮ್ಮ ತೋಟ, ಕಾಡು, ಗದ್ದೆಗಳು ಕುಳಿತಿವೆ.

ನಿಮ್ಮ ಮಕ್ಕಳು ಹೊಸ ಇಂಗ್ಲಿಷ್ ಪದವೊಂದನ್ನು ತಂದು ಅರ್ಥ ಕೇಳಿದರೆ ಅರ್ಥ ಹೇಳಿ ಸುಮ್ಮನಾಗಬೇಡಿ. ಒಳ್ಳೆಯ ನಿಘಂಟನ್ನು ತೆರೆದು, ಆ ಪದ ಎಲ್ಲಿಂದ ಬಂತು ಎಂದು ಹೇಳುವ ಸಾಲನ್ನೂ ಅವರ ಜೊತೆ ಕೂತು ಓದಿ. ಆ ಸಾಲು ಇಲ್ಲದಿದ್ದರೆ ಏಕಿಲ್ಲ ಎಂದು ಕೇಳುವುದನ್ನು ಕಲಿಸಿ. ನಿಘಂಟಿನ ಮೇಲಿನ ಗೌರವಕ್ಕೆ ಅದರಿಂದ ಕುಂದಿಲ್ಲ. ಆರು ಲಕ್ಷ ನಮೂದುಗಳ ಗ್ರಂಥವನ್ನು ತಿದ್ದಿದ್ದು ಆ ಪ್ರಶ್ನೆಯೇ.